ಗ್ಲೊರೆಂಜಾ, ವಾಲ್ ವೆನೋಸ್ಟಾ: ಹಿರಿಯರೊಂದಿಗೆ ನಾಲ್ಕು ರಾತ್ರಿ, ಕಾರಿಲ್ಲದೆ ಆಗುತ್ತದೆಯೇ?

ಕಾವೇರಿತೀರ

ಸೆಪ್ಟೆಂಬರ್ ಕೊನೆಯ ವಾರ, ಮ್ಯೂನಿಕ್‌ನಿಂದ ಹೊರಟು ನಾಲ್ಕು ರಾತ್ರಿ. ನಾಲ್ಕು ಜನ, ಇಬ್ಬರಿಗೆ ಎಪ್ಪತ್ತರ ಆಸುಪಾಸು. ಸಮತಟ್ಟಿನಲ್ಲಿ ಒಂದೆರಡು ಗಂಟೆ ನಡೆಯುತ್ತಾರೆ, ಕಡಿದಾದ ಏರು ಆಗದು. ಎಲ್ಲರೂ ಸಸ್ಯಾಹಾರಿಗಳು. ಉತ್ತರ ಇಟಲಿಯ ದಕ್ಷಿಣ ಟಿರೋಲ್ ಪ್ರಾಂತ್ಯದ, ಕೋಟೆಗೋಡೆ ಸುತ್ತಿದ ಗ್ಲೊರೆಂಜಾ ಅರ್ಧ ದಿನದ ಊರು, ಉಳಿಯುವುದು ಕಣಿವೆಯ ಕೆಳತುದಿಯ ಮೆರಾನೊದಲ್ಲಿ ಅನ್ನುವ ಸಲಹೆಯೇ ಎಲ್ಲೆಡೆ ಕಾಣುತ್ತಿದೆ. ಹಾಗೆ ಮಾಡಬೇಕೇ? ಹೋಗುವ ದಾರಿ, ನೋಡುವ ಕ್ರಮ, ಊಟ ಮೂರರ ಬಗ್ಗೆಯೂ ತಿಳಿದವರು ಬರೆಯಿರಿ.

ಕೋಟೆಕೊತ್ತಲ

ಮೆರಾನೊದಲ್ಲಿ ಉಳಿಯಬೇಡಿ. ಕಣಿವೆಯ ಮೇಲ್ಭಾಗದಲ್ಲಿ ನೋಡಬೇಕಾದ ಎಲ್ಲವೂ ಗ್ಲೊರೆಂಜಾದಿಂದ ಹದಿನೈದಿಪ್ಪತ್ತು ಕಿಲೋಮೀಟರ್ ಒಳಗಿದೆ: ಮಾಲೆಸ್, ಸ್ಲುಡೆರ್ನೊ, ಬುರ್ಗೂಸಿಯೊದ ಮಠ, ಸ್ವಿಸ್ ಗಡಿಯಾಚೆಯ ಮ್ಯೂಸ್ಟೈರ್, ಮುಳುಗಿದ ಊರಿನ ಗೋಪುರವಿರುವ ರೇಸಿಯಾ ಕೆರೆ. ಮೆರಾನೊದಿಂದ ಬಂದರೆ ಹೋಗಿಬರಲು ದಿನಕ್ಕೆ ಮೂರು ಗಂಟೆ ಕಳೆಯುತ್ತದೆ.

ಎರಡನೆಯ ಕಾರಣ ಹೊತ್ತು. ಹನ್ನೊಂದರಿಂದ ನಾಲ್ಕರವರೆಗೆ ಸೈಕಲ್ಲಿಗರು, ಬೈಕಿನವರು, ಪ್ರವಾಸಿ ಬಸ್ಸಿನವರು ಚೌಕ ತುಂಬಿರುತ್ತಾರೆ. ಗೋಡೆಯ ಒಳಗೆ ರಾತ್ರಿ ಉಳಿದವರಿಗೆ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಊರೇ ಖಾಲಿ ಸಿಗುತ್ತದೆ. ಗೋಡೆಯ ಕಲ್ಲುಗಳ ಮೇಲೆ ಓರೆಬಿಸಿಲು ಬೀಳುವುದೂ ಆಗಲೇ.

ನೋಡುವ ಮೊದಲು ಇಷ್ಟು ತಿಳಿದಿರಲಿ. ಮಾರುಕಟ್ಟೆಯಾಗಿ ಬೆಳೆದ ಈ ಊರಿಗೆ ಪಟ್ಟಣವೆಂಬ ಹೆಸರು ದಾಖಲೆಯಲ್ಲಿ ಸಿಗುವುದು 1304ರಲ್ಲಿ. ಟಿರೋಲಿನ ಹಾಲ್ ಊರಿನ ಉಪ್ಪು ಇದೇ ದಾರಿಯಲ್ಲಿ ಹೋಗುತ್ತಿತ್ತು. 1499ರ ಮೇ 22ರಂದು ಕಾಲ್ವೆನ್ ಎಂಬ ಇಕ್ಕಟ್ಟಿನಲ್ಲಿ, ಈಗ ಮ್ಯೂಸ್ಟೈರ್ ಬಸ್ಸು ಹಾದುಹೋಗುವ ಜಾಗದ ಹತ್ತಿರ, ಈಗ ಸ್ವಿಟ್ಜರ್ಲೆಂಡಿನಲ್ಲಿರುವ ಗ್ರೌಬುಂಡೆನ್‌ನ ಪಡೆಗಳು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಸೈನ್ಯವನ್ನು ಸೋಲಿಸಿದವು. ಗ್ಲೊರೆಂಜಾ ಸುಟ್ಟುಹೋಯಿತು. ಈಗ ಕಾಣುವ ಗೋಡೆ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಆಮೇಲೆ ಕಟ್ಟಲು ಹೇಳಿದ್ದು, ಮುಗಿದದ್ದು 1580ರಲ್ಲಿ. ಅಷ್ಟರಲ್ಲಿ ವ್ಯಾಪಾರ ಬೇರೆ ದಾರಿ ಹಿಡಿದಿತ್ತು, ಊರು ಬೆಳೆಯಲಿಲ್ಲ. ಬೆಳೆಯದ ಕಾರಣಕ್ಕೇ ಗೋಡೆ ಒಡೆಯುವ ಅಗತ್ಯ ಬರಲಿಲ್ಲ. ಪೂರ್ತಿ ಸುತ್ತು ಇಂದಿಗೂ ನಿಂತಿದೆ. ಒಳಗೂ ಹೊರಗೂ ಸೇರಿ ಸಾವಿರಕ್ಕಿಂತ ಕಡಿಮೆ ಜನ.

ನಡೆಯುವ ಕ್ರಮ: ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು, ಏರಿಲ್ಲ. ಮೂರು ದ್ವಾರಗಳಿವೆ, ಒಂದೊಂದಕ್ಕೂ ಅದು ತೋರುವ ಊರಿನ ಹೆಸರು: ಮಾಲೆಸ್, ಸ್ಲುಡೆರ್ನೊ, ತುಬ್ರೆ. ತುಬ್ರೆ ದ್ವಾರದಿಂದ ಹೊರಬಿದ್ದು ಆಡಿಜೆ ಹೊಳೆಯ ಸೇತುವೆ ದಾಟಿದರೆ ಸಂತ ಪಂಕ್ರಾಸ್ ಚರ್ಚು. ಅದು ಗೋಡೆಯ ಹೊರಗಿದೆ. ಗೋಪುರದ ಮೇಲಿನ ಅಂತಿಮ ತೀರ್ಪಿನ ಭಿತ್ತಿಚಿತ್ರವನ್ನು ಬಾಗಿಲು ಮುಚ್ಚಿದ್ದರೂ ನೋಡಬಹುದು. ವಾಪಸು ಬಂದು ಕಮಾನುಗಳ ಬೀದಿ ಹಿಡಿಯಿರಿ. ಕಮಾನುಗಳು ಬಹಳ ಕೆಳಮಟ್ಟದಲ್ಲಿವೆ, ಎತ್ತರದವರು ತಲೆ ಬಗ್ಗಿಸಬೇಕು. ನೆಲದಲ್ಲಿ ಉರುಟುಗಲ್ಲು. ಮಳೆ ಬಂದರೆ ಜಾರುತ್ತದೆ, ಚಕ್ರದ ಸೂಟ್‌ಕೇಸ್ ಎಳೆಯುವುದು ಕಷ್ಟ. ಹಿರಿಯರಿಗೆ ರಬ್ಬರ್ ತಳದ ಶೂ, ಸಾಮಾನಿಗೆ ಬೆನ್ನಿಗೆ ಹಾಕುವ ಚೀಲ.

ದ್ವಾರಗೋಪುರವೊಂದರಲ್ಲಿ ವ್ಯಂಗ್ಯಚಿತ್ರಕಾರ ಪೌಲ್ ಫ್ಲೋರಾ ಅವರ ರೇಖಾಚಿತ್ರಗಳಿವೆ. 1922ರಲ್ಲಿ ಹುಟ್ಟಿದ್ದು ಇಲ್ಲಿ, 2009ರಲ್ಲಿ ಮಣ್ಣು ಮಾಡಿದ್ದೂ ಇಲ್ಲೇ. ಮೆಟ್ಟಿಲು ಕಡಿದು, ಹಿರಿಯರು ಕೆಳಗೆ ಕೂತಿರಲಿ.

ಹಳಿದಾರಿ

ಸಾರಿಗೆ ನನ್ನ ಪಾಲಿಗಿರಲಿ.

ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆಮಾರ್ಗದ ಮೇಲಾಗಿ ಬೊಲ್ಜಾನೊಗೆ ನೇರ ಯೂರೋಸಿಟಿ (ದೂರದ ರೈಲು) ಇದೆ, ಸುಮಾರು 4 ಗಂಟೆ. ಬೊಲ್ಜಾನೊ–ಮೆರಾನೊ ಸುಮಾರು 40 ನಿಮಿಷ. ಮೆರಾನೊದಿಂದ ಮಾಲೆಸ್‌ವರೆಗೆ 60 ಕಿ.ಮೀ. ಉದ್ದದ ಕಣಿವೆ ರೈಲು, 1 ಗಂಟೆ 20 ನಿಮಿಷದಷ್ಟು. ಈ ಹಳಿ 1906ರಲ್ಲಿ ಶುರುವಾಗಿ 1990ರಲ್ಲಿ ಮುಚ್ಚಿ, 2005ರಲ್ಲಿ ಮತ್ತೆ ತೆರೆಯಿತು. ಈಚೆಗೆ ವಿದ್ಯುದೀಕರಣದ ಕೆಲಸಕ್ಕಾಗಿ ಹಳಿಯ ಭಾಗಗಳನ್ನು ಮುಚ್ಚಿ ಬದಲಿ ಬಸ್ಸು ಓಡಿಸಿದ್ದಾರೆ. ಟಿಕೆಟ್ ಕೊಳ್ಳುವ ಮೊದಲು ದಕ್ಷಿಣ ಟಿರೋಲಿನ ಸಾರಿಗೆ ಆ್ಯಪ್‌ನಲ್ಲಿ ನಿಮ್ಮ ದಿನಾಂಕ ಹಾಕಿ ನೋಡಲೇಬೇಕು. ಬದಲಿ ಬಸ್ಸಿದ್ದರೆ ಒಟ್ಟು ಪ್ರಯಾಣಕ್ಕೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಎಡವುವ ಜಾಗಗಳು:

ಮಾಲೆಸ್‌ಗಿಂತ ಮೊದಲು "ಸ್ಲುಡೆರ್ನೊ–ಗ್ಲೊರೆಂಜಾ" ಅಂತ ನಿಲ್ದಾಣ ಬರುತ್ತದೆ. ಹೆಸರಿನಲ್ಲಿ ಗ್ಲೊರೆಂಜಾ ಇದ್ದರೂ ನಿಲ್ದಾಣ ಇರುವುದು ಸ್ಲುಡೆರ್ನೊದಲ್ಲಿ. ಅಲ್ಲಿಂದ ಗೋಡೆಯವರೆಗೆ 2 ಕಿ.ಮೀ., ಸಮತಟ್ಟು. ಸಾಮಾನಿಲ್ಲದಿದ್ದರೆ ಹಾಯಾಗಿ ನಡೆಯಬಹುದು. ಸಾಮಾನಿದ್ದರೆ ಮಾಲೆಸ್ ಕೊನೆಯ ನಿಲ್ದಾಣದವರೆಗೆ ಹೋಗಿ ಬಸ್ಸು ಹಿಡಿಯುವುದೇ ವಾಸಿ. ಬಸ್ಸುಗಳು ರೈಲಿಗೆ ಹೊಂದಿಕೊಂಡು ಹೊರಡುತ್ತವೆ.

ಎಲ್ಲ ಊರಿಗೂ ಎರಡೆರಡು ಹೆಸರು. ಜನ ಮಾತಾಡುವುದು ಹೆಚ್ಚಾಗಿ ಜರ್ಮನ್. ಆ್ಯಪ್‌ನಲ್ಲಿ ಇಟಾಲಿಯನ್ ಹೆಸರು ಹಾಕಿ, ಬಸ್ಸಿನ ಹಲಗೆಯಲ್ಲಿ ಜರ್ಮನ್ ಹೆಸರು ಕಂಡು ಬಿಟ್ಟುಬಿಡುವವರಿದ್ದಾರೆ. ಬರೆದಿಟ್ಟುಕೊಳ್ಳಿ: ಗ್ಲೊರೆಂಜಾ = ಗ್ಲುರ್ನ್ಸ್, ಮಾಲೆಸ್ = ಮಾಲ್ಸ್, ಸ್ಲುಡೆರ್ನೊ = ಶ್ಲುಡೆರ್ನ್ಸ್, ಬುರ್ಗೂಸಿಯೊ = ಬುರ್ಗೈಸ್, ತುಬ್ರೆ = ಟೌಫರ್ಸ್, ಕುರೋನ್ = ಗ್ರೌನ್, ರೇಸಿಯಾ = ರೆಶೆನ್, ವಾಲ್ ವೆನೋಸ್ಟಾ = ವಿನ್ಷ್‌ಗೌ.

ಜರ್ಮನಿಯ ಮಾಸಿಕ ಡಾಯ್ಚ್‌ಲಾಂಡ್ ಟಿಕೆಟ್ ಈ ದಾರಿಯಲ್ಲಿ ಆಸ್ಟ್ರಿಯಾ ಗಡಿಯಾಚೆಯ ಕುಫ್‌ಸ್ಟೈನ್‌ವರೆಗೆ ಮಾತ್ರ, ಅದೂ ಪ್ರಾದೇಶಿಕ ರೈಲುಗಳಲ್ಲಿ. ಯೂರೋಸಿಟಿಗೆ ನಡೆಯುವುದಿಲ್ಲ.

ಕೊನೆಯದಾಗಿ, ವಸತಿ ಕಾಯ್ದಿರಿಸುವಾಗ "ಸೂಡ್‌ಟಿರೋಲ್ ಗೆಸ್ಟ್ ಪಾಸ್ ಕೊಡುತ್ತೀರಾ?" ಎಂದು ಕೇಳಿ. ಕೊಡುವ ಮನೆಗಳಲ್ಲಿ ಉಳಿದರೆ ಪ್ರಾಂತ್ಯದ ಬಸ್ಸು, ಪ್ರಾದೇಶಿಕ ರೈಲು ಎರಡೂ ಬೇರೆ ಖರ್ಚಿಲ್ಲದೆ ಸಿಗುತ್ತವೆ. ಆಗಮನಕ್ಕೆ ಮೊದಲೇ ಡಿಜಿಟಲ್ ಪಾಸ್ ಕಳಿಸಿದರೆ ಮೊದಲ ದಿನದ ಪ್ರಯಾಣಕ್ಕೂ ಆಗುತ್ತದೆಯೇ ಎಂದು ಆಗಲೇ ವಿಚಾರಿಸಿ. ಪಾಸ್ ಇದ್ದರೆ ಸಾಲದು, ಪ್ರತಿ ಸಲ ಹತ್ತುವಾಗ ಯಂತ್ರಕ್ಕೆ ತೋರಿಸಬೇಕು, ರೈಲಾದರೆ ಪ್ಲಾಟ್‌ಫಾರಂನಲ್ಲೇ. ತೋರಿಸದೆ ಕೂತರೆ ಟಿಕೆಟ್ ಇಲ್ಲದವರ ಲೆಕ್ಕ. ಪಾಸ್ ಕೊಡದ ಮನೆಯಾದರೆ 1, 3 ಅಥವಾ 7 ದಿನದ ಮೊಬಿಲ್‌ಕಾರ್ಡ್ ಕೊಳ್ಳಿ.

ಮಲೆನಾಡು_ಮ್ಯೂನಿಕ್

ನಾಲ್ಕು ಜನರಿದ್ದಾಗ ಕಾರು ಬೇಡ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಹಿರಿಯರಿಗೆ ಎರಡು ಕಡೆ ರೈಲು ಬದಲಿಸುವುದೇ ಆಯಾಸ. ಕಾರಿದ್ದರೆ ಸ್ಟೆಲ್ವಿಯೊ ಸುತ್ತು ಹಾಕಬಹುದು: ಗ್ಲೊರೆಂಜಾ, ಪ್ರಾತೊ, ಸ್ಟೆಲ್ವಿಯೊ ಕಣಿವೆಮಾರ್ಗ (2757 ಮೀ.), ಉಂಬ್ರೈಲ್ (2501 ಮೀ.), ಸಾಂತಾ ಮಾರಿಯಾ, ಮ್ಯೂಸ್ಟೈರ್, ಮತ್ತೆ ಗ್ಲೊರೆಂಜಾ. ಹೆಚ್ಚುಕಡಿಮೆ 65 ಕಿ.ಮೀ. ನಿಲ್ಲುತ್ತಾ ಹೋದರೆ ಅರ್ಧ ದಿನ.

ಇದೇ ದಿಕ್ಕಿನಲ್ಲಿ ಹೋಗಿ. ಪ್ರಾತೊ ಕಡೆಯ 48 ತಿರುವುಗಳನ್ನು ಏರುವಾಗ ಕಾರು ನಿಮ್ಮ ಹಿಡಿತದಲ್ಲಿರುತ್ತದೆ, ಓರ್ಟ್ಲರ್ ಶಿಖರ (3905 ಮೀ.) ಎದುರಿಗೇ ಇರುತ್ತದೆ. ಬೆಳಿಗ್ಗೆ ಎಂಟರೊಳಗೆ ಪ್ರಾತೊ ಬಿಟ್ಟರೆ ಬೈಕುಗಳ ಸಾಲು ಸಿಗುವುದಿಲ್ಲ. ತಿರುವಿನಲ್ಲಿ ಮೇಲಿನಿಂದ ಬಸ್ಸು ಬರುತ್ತಿದ್ದರೆ ತಿರುವಿಗೆ ಮುಂಚೆಯೇ ನಿಲ್ಲಿಸಿ. ಬಸ್ಸಿಗೆ ತಿರುವಿನ ಪೂರ್ತಿ ಅಗಲ ಬೇಕು. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಬರಬೇಡಿ, ಎರಡನೇ ಗೇರಿನಲ್ಲಿ ಇಳಿಸಿ. ಆಟೋಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್‌ಗೆ ಹಾಕಿ. ಬ್ರೇಕ್ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ತಣಿಯಲು ಬಿಡಿ, ನೀರು ಹಾಕಬೇಡಿ; ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಕಾಗದಪತ್ರ: ಭಾರತದ ಲೈಸೆನ್ಸ್ ಇದ್ದವರಿಗೆ ಇಟಲಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಅದನ್ನು ಊರಲ್ಲೇ ಆರ್‌ಟಿಒದಿಂದ, ಫಾರಂ 4ಎ ಮೂಲಕ ಮಾಡಿಸಬೇಕು. 1 ವರ್ಷದ ಅವಧಿ. ಬಾಡಿಗೆ ಕಾರನ್ನು ಸ್ವಿಟ್ಜರ್ಲೆಂಡಿಗೆ ಒಯ್ಯಲು ಒಪ್ಪಂದದಲ್ಲಿ ಅನುಮತಿ ಇದೆಯೇ ನೋಡಿ. ಆಸ್ಟ್ರಿಯಾ ಹೆದ್ದಾರಿಗೆ ವಿಗ್ನೆಟ್ (ಹೆದ್ದಾರಿ ಶುಲ್ಕದ ಚೀಟಿ), ಬ್ರೆನ್ನರ್ ಭಾಗಕ್ಕೆ ಪ್ರತ್ಯೇಕ ಟೋಲ್. 2025ರಿಂದ ಬ್ರೆನ್ನರ್‌ನ ಲೂಯೆಗ್ ಸೇತುವೆಯ ಮೇಲೆ ಒಂದೇ ಪಥದ ಸಂಚಾರವೇ ಹೆಚ್ಚು, ವಾರಾಂತ್ಯದಲ್ಲಿ ಸಾಲು ಉದ್ದ. ಫೆರ್ನ್‌ಪಾಸ್, ಲಾಂಡೆಕ್, ರೇಸಿಯಾ ದಾರಿ ಗ್ಲೊರೆಂಜಾಗೆ ಹತ್ತಿರದ್ದು, ಆದರೆ ಶನಿವಾರ ಫೆರ್ನ್‌ಪಾಸ್ ಕೂಡ ಕಟ್ಟಿಕೊಳ್ಳುತ್ತದೆ.

ಹಳಿದಾರಿ

ಆ ಸುತ್ತು ಚೆಂದವೇ. ಆದರೆ ಎಪ್ಪತ್ತರವರನ್ನು 907 ಮೀಟರಿನಿಂದ 2757ಕ್ಕೆ ಒಂದೂವರೆ ಗಂಟೆಯಲ್ಲಿ, 48 ತಿರುವುಗಳಲ್ಲಿ ಏರಿಸಿದರೆ ತಲೆಸುತ್ತು, ವಾಂತಿ ಅಪರೂಪವಲ್ಲ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಹೋಗಲಿ. ಹೋಗುವುದಾದರೆ ಬೆಳಿಗ್ಗೆ ಹಗುರವಾದ ತಿಂಡಿ, ಮುಂದಿನ ಸೀಟು, ಮೇಲೆ ಒಂದು ಗಂಟೆಗಿಂತ ಹೆಚ್ಚು ಬೇಡ. ಸೆಪ್ಟೆಂಬರ್ ಕೊನೆಗೆ ಅಲ್ಲಿ ಹಿಮ ಬೀಳಬಹುದು, ದಾರಿ ದಿಢೀರ್ ಮುಚ್ಚಬಹುದು.

ಕಾರು ತಂದರೂ ಗೋಡೆಯ ಹೊರಗೆ ನಿಲ್ಲಿಸಿ. ಒಳಗೆ ಉಳಿಯುವವರು ಸಾಮಾನು ಇಳಿಸಲು ಎಲ್ಲಿಯವರೆಗೆ ಬರಬಹುದು, ಯಾವ ಹೊತ್ತಿಗೆ ಬರಬಹುದು ಎಂದು ಮನೆಯವರನ್ನು ಬರಹದಲ್ಲಿ ಕೇಳಿ. ಇಟಲಿಯ ಹಳೆಯ ಊರುಗಳಲ್ಲಿ ಪ್ರವೇಶ ಮಿತಿಯ ಫಲಕ ದಾಟಿದರೆ ದಂಡದ ಪತ್ರ ಎಷ್ಟೋ ತಿಂಗಳ ಮೇಲೆ, ಬಾಡಿಗೆ ಕಂಪನಿಯ ಶುಲ್ಕದೊಂದಿಗೆ ಬರುತ್ತದೆ.

ಕಾವೇರಿತೀರ

ಕಾರು ಬೇಡವೆಂದೇ ತೀರ್ಮಾನ. ಮ್ಯೂಸ್ಟೈರ್ ಸ್ವಿಟ್ಜರ್ಲೆಂಡಿನಲ್ಲಿದೆ. ಹಿರಿಯರು ಬೆಂಗಳೂರಿನಿಂದ ಷೆಂಗೆನ್ ವೀಸಾದಲ್ಲಿ ಬರುತ್ತಿದ್ದಾರೆ, ಒಂದೇ ಪ್ರವೇಶದ್ದು. ದಾಟಬಹುದೇ? ಭಿತ್ತಿಚಿತ್ರಗಳು ಮೂರು ಕಡೆ ಇವೆ ಅನ್ನುತ್ತಾರೆ, ಯಾವುದನ್ನು ಮೊದಲು ನೋಡಬೇಕು?

ಕೋಟೆಕೊತ್ತಲ

ದಾಟಬಹುದು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಷೆಂಗೆನ್‌ನಲ್ಲಿದೆ. ಹೋಗಿಬಂದರೆ ಹೊಸ ಪ್ರವೇಶವೆಂದು ಎಣಿಸುವುದಿಲ್ಲ. ಆದರೆ ಗಡಿಯಲ್ಲಿ ಕಸ್ಟಮ್ಸ್ ಠಾಣೆ ಇದೆ, ಅಸಲಿ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಫೋನಿನಲ್ಲಿರುವ ಫೋಟೊ ಸಾಲದು. ಇನ್ನೊಂದು ಬಲೆ ಮೊಬೈಲ್. ಜರ್ಮನಿ, ಇಟಲಿಯ ಸಿಮ್‌ಗಳ ಉಚಿತ ರೋಮಿಂಗ್ ಸ್ವಿಟ್ಜರ್ಲೆಂಡಿಗೆ ತಾನಾಗಿ ಅನ್ವಯಿಸುವುದಿಲ್ಲ. ತುಬ್ರೆ ಹತ್ತಿರ ಬರುವಾಗಲೇ ಫೋನು ಸ್ವಿಸ್ ಟವರ್ ಹಿಡಿಯಬಹುದು. ಗ್ಲೊರೆಂಜಾ ಬಿಡುವಾಗಲೇ ಡೇಟಾ ರೋಮಿಂಗ್ ಆರಿಸಿ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಮಾಲೆಸ್‌ನಿಂದ ಗ್ಲೊರೆಂಜಾ, ತುಬ್ರೆ, ಮ್ಯೂಸ್ಟೈರ್ ಮೂಲಕ ಸ್ವಿಸ್ ಹಳದಿ ಪೋಸ್ಟ್‌ಬಸ್ಸು ಜೆರ್ನೆಟ್ಸ್‌ವರೆಗೆ ಹೋಗುತ್ತದೆ. ನಿಮ್ಮ ಪಾಸ್ ಮ್ಯೂಸ್ಟೈರ್‌ವರೆಗೆ ನಡೆಯುತ್ತದೆಯೇ ಎಂದು ಹತ್ತುವಾಗಲೇ ಚಾಲಕರನ್ನು ಕೇಳಿ. ಅದರಾಚೆಗಂತೂ ಸ್ವಿಸ್ ಟಿಕೆಟ್ ಬೇಕು.

ನನ್ನ ಕ್ರಮ ಇದು. ಮೊದಲು ಮಾಲೆಸ್‌ನ ಸಂತ ಬೆನೆಡಿಕ್ಟ್ ಚರ್ಚು. ಒಂದೇ ಕೋಣೆಯ ಪುಟ್ಟ ಕಟ್ಟಡ, ಕ್ಯಾರೊಲಿಂಜಿಯನ್ (ಎಂಟು–ಒಂಬತ್ತನೇ ಶತಮಾನದ ಫ್ರಾಂಕ್ ದೊರೆಗಳ) ಕಾಲದ ಚಿತ್ರಗಳು. ಕತ್ತಿ ಹಿಡಿದ ಫ್ರಾಂಕಿಷ್ ದಾನಿಯ ಆಕೃತಿಯನ್ನು ತಪ್ಪಿಸಬೇಡಿ. ಆ ಕಾಲದ ಗೃಹಸ್ಥನೊಬ್ಬನ ಉಡುಪು ಇಷ್ಟು ಸ್ಪಷ್ಟವಾಗಿ ಕಾಣಸಿಗುವುದು ಬಲು ಅಪರೂಪ. ತೆರೆದಿರುವ ಗಂಟೆಗಳು ಬಹಳ ಕಡಿಮೆ, ಊರಿನ ಪ್ರವಾಸಿ ಕಚೇರಿಯಲ್ಲಿ ಹಿಂದಿನ ದಿನವೇ ಕೇಳಿ.

ಎರಡನೆಯದು ಮ್ಯೂಸ್ಟೈರ್‌ನ ಸಂತ ಯೋಹಾನರ ಮಠ, 1983ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿನ ಮರದ ತೊಲೆಗಳ ಉಂಗುರ ಎಣಿಸಿ 775ರ ಸುಮಾರಿನ ಕಟ್ಟಡವೆಂದು ನಿರ್ಧರಿಸಿದ್ದಾರೆ. ಭಿತ್ತಿಚಿತ್ರಗಳಲ್ಲಿ ಕೆಳಗೆ ಸುಮಾರು 800ರ ಪದರ, ಅದರ ಮೇಲೆ 12ನೇ ಶತಮಾನದ ರೋಮನೆಸ್ಕ್ ಶೈಲಿಯ ಪದರ. ಒಂದೇ ಗೋಡೆಯಲ್ಲಿ ಎರಡೂ ಕಾಣುತ್ತವೆ. ಪೂರ್ವ ಗೋಡೆಯ ಅರ್ಧವೃತ್ತಾಕಾರದ ಗೂಡುಗಳ ಮುಂದೆ ನಿಂತು ಕಣ್ಣು ಕತ್ತಲೆಗೆ ಹೊಂದಲು ಐದು ನಿಮಿಷ ಕೊಡಿ, ಆಮೇಲೆ ಬಣ್ಣಗಳು ಏಳುತ್ತವೆ. ಸಣ್ಣ ದುರ್ಬೀನು ಇದ್ದರೆ ತುಂಬ ಉಪಯೋಗ. ಚರ್ಚಿಗೆ ಶುಲ್ಕವಿಲ್ಲ, ಮ್ಯೂಸಿಯಮ್ಮಿಗೆ ಇದೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಬೇಡ. ಬೆನೆಡಿಕ್ಟೀನ್ ಸನ್ಯಾಸಿನಿಯರು ಇಂದಿಗೂ ಅಲ್ಲಿದ್ದಾರೆ.

ಮೂರನೆಯದು ಬುರ್ಗೂಸಿಯೊದ ಮೇಲಿನ ಮೊಂತೆ ಮರಿಯಾ, ಜರ್ಮನ್‌ನಲ್ಲಿ ಮರಿಯೆನ್‌ಬೆರ್ಗ್, 1335 ಮೀ. ಎತ್ತರದ ಬಿಳಿ ಮಠ. ನೆಲಮಾಳಿಗೆಯ 12ನೇ ಶತಮಾನದ ದೇವದೂತರ ಚಿತ್ರಗಳ ನೀಲಿ ಬಣ್ಣ ಇನ್ನೂ ತಾಜಾ ಇದೆ. ಸಮಾಧಿಗಳ ಕಟ್ಟಡದ ಹಿಂದೆ ಶತಮಾನಗಳ ಕಾಲ ಮುಚ್ಚಿಹೋಗಿ, 1980ರಲ್ಲಿ ಪೂರ್ತಿ ಹೊರಬಂದವು. ಬೆಳಕು, ಗಾಳಿ, ಮೇಣದಬತ್ತಿಯ ಹೊಗೆ ತಾಗದೆ ಉಳಿದವು. ಅದಕ್ಕೇ ನೆಲಮಾಳಿಗೆಯನ್ನು ಮ್ಯೂಸಿಯಮ್ಮಿನ ಹಾಗೆ ತೆರೆಯುವುದಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಸಂಜೆಯ ಪ್ರಾರ್ಥನೆಗೆ ಕೂರುವವರಿಗೆ ಮಾತ್ರ ಪ್ರವೇಶ, ಮೌನ, ಫೋಟೊ ಇಲ್ಲ. ಉಳಿದವರಿಗೆ ಮ್ಯೂಸಿಯಮ್ಮಿನಲ್ಲಿ ಚಲನಚಿತ್ರ ತೋರಿಸುತ್ತಾರೆ. ಭಾನುವಾರ ಮ್ಯೂಸಿಯಂ ರಜೆ. ಬುರ್ಗೂಸಿಯೊದಿಂದ ಮಠಕ್ಕೆ ಅರ್ಧ ಗಂಟೆಯ ಏರುದಾರಿ; ಹಿರಿಯರಿಗೆ ಮಾಲೆಸ್‌ನಿಂದಲೇ ಟ್ಯಾಕ್ಸಿ ಹೇಳಿ, ವಾಪಸು ಬರುವ ಹೊತ್ತನ್ನೂ ಆಗಲೇ ಗೊತ್ತುಮಾಡಿ.

ಸ್ಲುಡೆರ್ನೊದ ಕೊಯ್ರಾ ಕೋಟೆ, ಜರ್ಮನ್‌ನಲ್ಲಿ ಖೂರ್‌ಬುರ್ಗ್, ಮಾರ್ಗದರ್ಶಿಯೊಂದಿಗೆ ಮಾತ್ರ, ಸೋಮವಾರ ರಜೆ. ಅಲ್ಲಿನ ಉಕ್ಕಿನ ಕವಚಗಳು ಆಯಾ ಒಡೆಯರ ಮೈಗೆ ಅಳತೆ ತೆಗೆದು ಮಾಡಿದವು, ಅವರದೇ ಮನೆಯಲ್ಲಿ ಉಳಿದವು. ಆದರೆ ಕೋಟೆಗೆ ಏರಬೇಕು, ಒಳಗೂ ಮೆಟ್ಟಿಲು.

ಒಗ್ಗರಣೆ_ಬೊಲ್ಜಾನೊ

ಊಟ. ಇಲ್ಲಿ "ವೆಜಿಟೇರಿಯನ್" ಅಂದರೆ ಸಾಕಾಗದು, ಏಕೆಂದರೆ ಶ್ಪೆಕ್ ಎಂಬ ಹೊಗೆಯಾಡಿಸಿದ ಹಂದಿಮಾಂಸವನ್ನು ಚೂರು ಮಾಡಿ ರುಚಿಗೆಂದು ಎಲ್ಲೆಡೆ ಸೇರಿಸುತ್ತಾರೆ. "ಓನೆ ಶ್ಪೆಕ್, ಓನೆ ಫ್ಲೈಶ್‌ಬ್ರೂಹೆ" ಎಂದು ಹೇಳಿ: ಶ್ಪೆಕ್ ಬೇಡ, ಮಾಂಸದ ಸಾರು ಬೇಡ.

ತಿನ್ನಬಹುದಾದ್ದು: ಶ್ಲುಟ್ಸ್‌ಕ್ರಾಪ್‌ಫೆನ್, ಅಂದರೆ ಪಾಲಕ್ ಮತ್ತು ಮೃದು ಚೀಸ್ ತುಂಬಿದ ಅರ್ಧಚಂದ್ರ, ಮೇಲೆ ಕಾಯಿಸಿದ ಬೆಣ್ಣೆ. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಪಾಲಕ್ ಅಥವಾ ಚೀಸ್ ಕ್ನೋಡೆಲ್ ಎಂಬ ಬ್ರೆಡ್ಡಿನ ಉಂಡೆ, ಅದರಲ್ಲೂ ಮೊಟ್ಟೆ. ಸಾರಿನಲ್ಲಿ ಮುಳುಗಿಸಿ ಕೊಟ್ಟರೆ ಆ ಸಾರು ಬಹುತೇಕ ಮಾಂಸದ್ದು, ಬೆಣ್ಣೆಯೊಂದಿಗೆ ಕೇಳಿ. ಬಾರ್ಲಿ ಸೂಪಿನಲ್ಲಿ ಸಾಮಾನ್ಯವಾಗಿ ಶ್ಪೆಕ್ ಇದ್ದೇ ಇರುತ್ತದೆ, ಕೇಳದೆ ಮುಟ್ಟಬೇಡಿ. ಪಾರ್ಮೆಸಾನ್‌ನಲ್ಲಿ ಕರುವಿನ ಹೊಟ್ಟೆಯ ಕಿಣ್ವ ಬಳಸುವುದು ಕಡ್ಡಾಯ. ಅದು ಆಗದವರು "ಓನೆ ಪಾರ್ಮೆಸಾನ್" ಅನ್ನಲೇಬೇಕು. ಮೊಟ್ಟೆಯೂ ಬೇಡವಾದವರಿಗೆ ಒಣ ಪಾಸ್ತಾ ಟೊಮೆಟೊ ಸಾಸ್, ಮರಿನಾರಾ ಪಿಜ್ಜಾ, ಹುರಿದ ಆಲೂಗಡ್ಡೆ. ಆದರೆ ಹುರಿದ ಆಲೂಗಡ್ಡೆಗೂ ಶ್ಪೆಕ್ ಹಾಕುವ ರೂಢಿಯಿದೆ.

ಬ್ರೆಡ್ಡಿನ ಬಗ್ಗೆ ಚಿಂತೆ ಬೇಡ. ವಿನ್ಷ್‌ಗೌ ಪಾರ್ಲ್ ಎಂದು ರೈ ಹಿಟ್ಟಿನ ಹುಳಿಬ್ರೆಡ್ಡು, ಎರಡು ಬಿಲ್ಲೆಗಳು ಅಂಟಿಕೊಂಡಂತೆ. ಅದಕ್ಕೆ ಹಾಕುವ ನೀಲಿ ಹೂವಿನ ಸೊಪ್ಪು ನಮ್ಮ ಮೆಂತ್ಯದ ಕುಲದ್ದೇ, ಕಂಪು ಕೂಡಲೇ ಗುರುತು ಸಿಗುತ್ತದೆ. ಸೆಪ್ಟೆಂಬರ್ ಆದ್ದರಿಂದ ಪಾಲಾ ಪೇರ್ ಹಣ್ಣು (pear, ಸೀಬೆಯಲ್ಲ) ಕೇಳಿ: ಗ್ಲೊರೆಂಜಾ ಸುತ್ತಿನ ಹಳೆಯ ತಳಿ, ದೊಡ್ಡ ಮರ. ಬೇಗ ಮೆತ್ತಗಾಗುವುದರಿಂದ ದೂರ ಸಾಗಿಸುವುದಿಲ್ಲ; ಒಣಗಿಸಿ ಬ್ರೆಡ್ಡಿಗೂ ಹಾಕುತ್ತಾರೆ. ಅದರ ಹೆಸರಲ್ಲಿ ಸೆಪ್ಟೆಂಬರಿನಲ್ಲಿ ಊರ ಹಬ್ಬವೇ ಇದೆ, ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ.

ಬಿಸಿ ಊಟ ಮಧ್ಯಾಹ್ನ 12ರಿಂದ 2, ರಾತ್ರಿ 6ರಿಂದ ಸುಮಾರು 8.30. ಮೂರು ಗಂಟೆಗೆ ಹೋದರೆ ಕೇಕು, ಕಾಫಿ ಅಷ್ಟೇ. ಪ್ರತಿ ಹೋಟೆಲಿಗೂ ವಾರದಲ್ಲಿ ಒಂದು ದಿನ ರಜೆ, "ರುಹೆಟಾಗ್" ಎಂದು ಬಾಗಿಲಲ್ಲಿ ಬರೆದಿರುತ್ತದೆ. ಇಷ್ಟು ಸಣ್ಣ ಊರಿನಲ್ಲಿ ಎರಡು ಹೋಟೆಲು ಒಂದೇ ದಿನ ಮುಚ್ಚಿದರೆ ಪರದಾಟ. ಅಡುಗೆಮನೆ ಇರುವ ಮನೆ ಹಿಡಿಯಿರಿ, ಶನಿವಾರವೇ ಸಾಮಾನು ಕೊಳ್ಳಿ. ಭಾನುವಾರ ಅಂಗಡಿಗಳನ್ನು ನಂಬುವಂತಿಲ್ಲ.

ನೀರಹಾದಿ

ಯಾರೂ ವಾಲ್‌ಗಳ ಬಗ್ಗೆ ಬರೆದಿಲ್ಲವಲ್ಲ! ಪೂರ್ವ ಆಲ್ಪ್ಸ್‌ನ ಅತಿ ಒಣ ಕಣಿವೆಗಳಲ್ಲಿ ಇದೊಂದು, ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ನಮ್ಮ ಚಿತ್ರದುರ್ಗದ ಕಡೆಯಷ್ಟೇ. ಹಾಗಾಗಿ ಬೆಟ್ಟದ ಹೊಳೆಗಳಿಂದ ಸಣ್ಣ ಕಾಲುವೆ ತೋಡಿ ಹೊಲಕ್ಕೆ ನೀರು ತಂದರು. ಆ ಕಾಲುವೆಗೆ ವಾಲ್ ಎನ್ನುತ್ತಾರೆ (ವಾಲ್ ವೆನೋಸ್ಟಾದ ವಾಲ್ ಬೇರೆ, ಅದು ಕಣಿವೆ), ನೋಡಿಕೊಳ್ಳುವವನು ವಾಲರ್. ನಮ್ಮ ಕೆರೆಗಳ ನೀರುಗಂಟಿಯ ಕೆಲಸವೇ: ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಅನ್ನುವ ಸರದಿ ಕಾಯುವುದು, ಕಸ ತೆಗೆಯುವುದು. ಕಾಲುವೆಯಲ್ಲಿ ಪುಟ್ಟ ನೀರುಚಕ್ರವಿಟ್ಟು ಅದಕ್ಕೆ ಸುತ್ತಿಗೆ, ಗಂಟೆ ಕಟ್ಟುತ್ತಿದ್ದರು. ನೀರು ಹರಿಯುತ್ತಿರುವಷ್ಟು ಹೊತ್ತೂ ಗಂಟೆ ಬಡಿಯುತ್ತದೆ. ನಿಂತರೆ ಎಲ್ಲೋ ಕಟ್ಟಿಕೊಂಡಿದೆ, ಒಡೆದಿದೆ ಎಂದರ್ಥ. ರಾತ್ರಿ ಮಲಗಿದ್ದಲ್ಲೇ ತಿಳಿಯುತ್ತಿತ್ತು.

ಕಾಲುವೆಯ ಪಕ್ಕದ ಕಾಲುದಾರಿ ನೀರಿನ ಇಳಿಜಾರನ್ನೇ ಅನುಸರಿಸುವುದರಿಂದ ಹೆಚ್ಚುಕಡಿಮೆ ಸಮತಟ್ಟು, ಹಿರಿಯರಿಗೆ ಹೇಳಿಮಾಡಿಸಿದ್ದು. ಆದರೆ ಸ್ಲುಡೆರ್ನೊದ ಮೇಲಿನ ಲೈಟೆನ್‌ವಾಲ್–ಬೆರ್ಕ್‌ವಾಲ್ ಸುತ್ತು ಅವರಿಗಲ್ಲ. ಮೂರು ಗಂಟೆ ಬೇಕು, ಕಾಲುವೆ ಮಟ್ಟ ಮುಟ್ಟಲು ಏರಬೇಕು, ಕೆಲವೆಡೆ ದಾರಿ ಒಂದಾಳಿನಷ್ಟೇ ಅಗಲ, ಒಂದು ಬದಿ ಕಣಿವೆ. ಎಳೆಯರಿಬ್ಬರು ಹೋಗಿಬನ್ನಿ. ಬಿಸಿಲ ಬೆಟ್ಟದ ಕಡೆ ನೆರಳಿಲ್ಲ, ಆಳಿಗೆ ಒಂದೂವರೆ ಲೀಟರ್ ನೀರು. ಕಾಲುವೆ ನೀರು ಕುಡಿಯಬೇಡಿ, ಮೇಲೆ ದನ ಮೇಯುತ್ತವೆ. ಊರೊಳಗಿನ ಚಿಲುಮೆಗಳಲ್ಲಿ ಕುಡಿಯಬಹುದು, "ಕೈನ್ ಟ್ರಿಂಕ್‌ವಾಸರ್" ಎಂದು ಬರೆದಿರುವುದನ್ನು ಬಿಟ್ಟು.

ಸೆಪ್ಟೆಂಬರ್ ಸೇಬು ಕೊಯ್ಲಿನ ಕಾಲ. ತೋಟದ ದಾರಿಗಳಲ್ಲಿ ಟ್ರ್ಯಾಕ್ಟರ್ ಸಾಲು, ಪಕ್ಕಕ್ಕೆ ಸರಿದು ದಾರಿ ಬಿಡಿ. ಬಿದ್ದ ಹಣ್ಣನ್ನೂ ಕೇಳದೆ ಎತ್ತಬೇಡಿ.

ಮಲೆನಾಡು_ಮ್ಯೂನಿಕ್

ಎಳೆಯರಿಬ್ಬರಿಗೆ ಸೈಕಲ್ ದಾರಿಯನ್ನೂ ಸೇರಿಸುತ್ತೇನೆ. ಮಾಲೆಸ್‌ನಿಂದ ಮೆರಾನೊವರೆಗೆ ಆಡಿಜೆ ಪಕ್ಕದಲ್ಲೇ ಸುಮಾರು 60 ಕಿ.ಮೀ., ಗ್ಲೊರೆಂಜಾ ದಾರಿಯಲ್ಲೇ ಸಿಗುತ್ತದೆ. ಹೆಚ್ಚಿನದು ಇಳಿಜಾರು. ಒಂದು ನಿಲ್ದಾಣದಲ್ಲಿ ಬಾಡಿಗೆಗೆ ಪಡೆದು ಇನ್ನೊಂದರಲ್ಲಿ ಬಿಟ್ಟು ರೈಲಿನಲ್ಲಿ ವಾಪಸು ಬನ್ನಿ. ಸೈಕಲ್ಲನ್ನೇ ರೈಲಿಗೆ ಹಾಕುವ ಯೋಚನೆ ಬೇಡ, ಜಾಗ ಕಡಿಮೆ. ಬೆಳಿಗ್ಗೆಯೇ ಹೊರಡಿ, ಬಿಸಿಲೇರಿದ ಮೇಲೆ ಕೆಳಕಣಿವೆಯಿಂದ ಎದುರುಗಾಳಿ ಬರುತ್ತದೆ. ದಾರಿಯಲ್ಲಿ ಲಾಸಾ ಊರು: ಬಿಳಿ ಅಮೃತಶಿಲೆಯ ಗಣಿಯದು, ಕಾಲುದಾರಿಗೂ ಅದೇ ಕಲ್ಲು.

ಕಾವೇರಿತೀರ

ಹೀಗೆ ಮಾಡಿದರೆ? ಶುಕ್ರವಾರ ತಲುಪುವುದು. ಶನಿವಾರ ಗ್ಲೊರೆಂಜಾ, ಕೊಯ್ರಾ ಕೋಟೆ. ಭಾನುವಾರ ಮ್ಯೂಸ್ಟೈರ್. ಸೋಮವಾರ ಮೊಂತೆ ಮರಿಯಾ, ರೇಸಿಯಾ ಕೆರೆ. ಮಂಗಳವಾರ ವಾಪಸು.

ಕೋಟೆಕೊತ್ತಲ

ಭಾನುವಾರವನ್ನೂ ಸೋಮವಾರವನ್ನೂ ಬಿಡಿಸಿ ಹೊಂದಿಸಬೇಕು. ಭಾನುವಾರ ರೇಸಿಯಾಕ್ಕೆ ಹೋಗಿ, ಅಲ್ಲಿ ಬಾಗಿಲು ಮುಚ್ಚುವ ಪ್ರಶ್ನೆಯೇ ಇಲ್ಲ. ಮಾಲೆಸ್‌ನಿಂದ ಬಸ್ಸು, ಕುರೋನ್‌ನಲ್ಲಿ ಇಳಿದರೆ ಗೋಪುರ ಎದುರಿಗೇ. ಅದು 14ನೇ ಶತಮಾನದ್ದು. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟಿನ ನೀರು ಏರಿಸಿ 163 ಮನೆಗಳನ್ನು ಮುಳುಗಿಸಿದರು, ಗೋಪುರವೊಂದು ಉಳಿಯಿತು. ಶರಾವತಿ ಹಿನ್ನೀರಿನ ಊರುಗಳ ನೆನಪಿರುವವರಿಗೆ ಆ ಜಾಗ ಬರೀ ಫೋಟೊದ ಜಾಗವಾಗಿ ಕಾಣದು. ಪಕ್ಕದ ಮಾಹಿತಿ ಫಲಕಗಳನ್ನು ಓದಿಯೇ ಮುಂದೆ ಹೋಗಿ. ಅಲ್ಲಿ 1500 ಮೀಟರ್ ಎತ್ತರ, ಗಾಳಿ ಜೋರು. ಗ್ಲೊರೆಂಜಾದಲ್ಲಿ ಅಂಗಿ ಸಾಕೆನಿಸಿದರೂ ಅಲ್ಲಿ ಕಿವಿ ಮುಚ್ಚುವ ಟೋಪಿ ಬೇಕು.

ಸೋಮವಾರ ಬೆಳಿಗ್ಗೆ ಮ್ಯೂಸ್ಟೈರ್, ಮಧ್ಯಾಹ್ನ ವಿಶ್ರಾಂತಿ, ಸಂಜೆ ಮೊಂತೆ ಮರಿಯಾದ ಪ್ರಾರ್ಥನೆ. ಆ ವಾರ ಸಂದರ್ಶಕರನ್ನು ನೆಲಮಾಳಿಗೆಗೆ ಬಿಡುತ್ತಾರೆಯೇ ಎಂದು ಮಠಕ್ಕೆ ಮೊದಲೇ ಬರೆದು ಕೇಳಿ. ಮಾಲೆಸ್‌ನ ಸಂತ ಬೆನೆಡಿಕ್ಟ್ ಚರ್ಚನ್ನು ಅದು ತೆರೆದಿರುವ ಹೊತ್ತು ನೋಡಿಕೊಂಡು ಇವುಗಳ ನಡುವೆ ತೂರಿಸಿ. ಕೊಯ್ರಾ ಕೋಟೆ ಶನಿವಾರವೇ ಇರಲಿ.

ಹಳಿದಾರಿ

ಭಾನುವಾರ ಕೆಲವು ಬಸ್ಸುಗಳ ಸಂಖ್ಯೆ ಕಡಿಮೆ. ಕುರೋನ್‌ನಿಂದ ವಾಪಸಿನ ಕೊನೆಯ ಎರಡು ಬಸ್ಸುಗಳ ಹೊತ್ತನ್ನು ಹೊರಡುವಾಗಲೇ ಕಾಗದದಲ್ಲಿ ಬರೆದುಕೊಳ್ಳಿ, ಕೊನೆಯದಕ್ಕೆ ಮುಂಚಿನದನ್ನೇ ಹಿಡಿಯಿರಿ. ಮಂಗಳವಾರ ಬೊಲ್ಜಾನೊದಲ್ಲಿ ಯೂರೋಸಿಟಿಗೆ ಮುಂಚೆ ಕನಿಷ್ಠ ಒಂದು ಗಂಟೆ ಬಿಡುವಿರಲಿ. ಅಗ್ಗದ ಟಿಕೆಟ್ ಆ ಒಂದೇ ರೈಲಿಗೆ ಕಟ್ಟುಬಿದ್ದಿರುತ್ತದೆ. ಪ್ರವಾಸಿ ತೆರಿಗೆ ಬುಕಿಂಗ್ ಮೊತ್ತದಲ್ಲಿ ಸೇರಿರುವುದಿಲ್ಲ, ತಲೆಗೆ ರಾತ್ರಿಗೆ ಇಷ್ಟೆಂದು ಹೊರಡುವಾಗ ಕೊಡಬೇಕು. ಚಿಲ್ಲರೆ ಯೂರೋ ಇಟ್ಟುಕೊಂಡಿರಿ.